ಬಿಸಿಲಿಗೆ ಮುಚ್ಚಿದ ಕದಗಳು

"ಮುಟ್ಟಬೇಡಿ," ಎಂದರು ಹಾನೆಕೆ.

ನನ್ನ ಕೈ ಆಗಲೇ ಕಿಟಕಿಯ ಮರದ ಕದದ ಮೇಲಿತ್ತು. ಆಗಸ್ಟ್ ತಿಂಗಳ ನಡುಹಗಲು. ಹೊರಗಿನ ಕಲ್ಲುಗೋಡೆಗೆ ಬಡಿದು ಕಾದ ಗಾಳಿ ಅಡುಗೆಮನೆಯೊಳಕ್ಕೆ ನುಗ್ಗುತ್ತಿತ್ತು. ಮೇಜಿನ ಮೇಲಿದ್ದ ಬೆಣ್ಣೆ ಕರಗಿ ತಟ್ಟೆಯ ಅಂಚಿಗೆ ಬಂದಿತ್ತು. ನಾನು ಯೋಚಿಸಿ ಎದ್ದವಳಲ್ಲ. ಮಾತಾಡುತ್ತ ಮಾತಾಡುತ್ತಲೇ ಎದ್ದು ಹೋಗಿ ಕದ ಎಳೆಯತೊಡಗಿದ್ದೆ.

"ಕ್ಷಮಿಸಿ ಮದಾಂ. ಬಿಸಿಲು ಒಳಗೆ ಬರ್ತಿದೆಯಲ್ಲ ಅಂತ..."

"ಬರಲಿ ಬಿಡಿ. ಬಿಸಿಲಿಗೋಸ್ಕರಾನೇ ನಾವು ಹಾಲೆಂಡಿನಿಂದ ಇಷ್ಟು ದೂರ ಕಾರು ಓಡಿಸಿಕೊಂಡು ಬರೋದು. ಮೋಡ ನಮ್ಮೂರಲ್ಲೇ ಬೇಕಾದಷ್ಟಿದೆ." ಆಕೆ ಕದವನ್ನು ನನ್ನ ಕೈಯಿಂದ ಬಿಡಿಸಿ ಹೊರಗೋಡೆಗೆ ಒತ್ತಿ ಕೊಂಡಿ ಹಾಕಿದರು. "ನಿಮ್ಮೂರಿನವರಿಗೆಲ್ಲ ಇದೊಂದು ಕಾಯಿಲೆ. ಮಂಗಳವಾರ ನಾನು ಸಂತೆಯಿಂದ ವಾಪಸ್ ಬಂದಾಗಲೂ ಮನೆಯೆಲ್ಲ ಗವಿ ಥರ ಇತ್ತು."

ನಾನು ಕುರ್ಚಿಗೆ ಮರಳುತ್ತಿದ್ದವಳು ಅರ್ಧದಲ್ಲೇ ನಿಂತೆ.

ಆ ಮಂಗಳವಾರವೇ ಆಕೆಯ ಗಂಡ ಯೋರಿಸ್ ಬೊಸ್ಮಾ ಈ ಬಾಡಿಗೆ ಮನೆಯಿಂದ ಕಾಣೆಯಾಗಿದ್ದು. ಅವರು ಬಾಡಿಗೆಗೆ ಪಡೆದಿದ್ದ ದೋಣಿ ಮಗುಚಿಕೊಂಡು ನದಿಯ ಕೆಳಗಿನ ಜಲ್ಲಿ ದಿಬ್ಬದಲ್ಲಿ ಸಿಕ್ಕಿತ್ತು, ಇವತ್ತು ಗುರುವಾರವಾದರೂ ನದಿ ಹೆಣ ಕೊಟ್ಟಿರಲಿಲ್ಲ.

"ಮಂಗಳವಾರ ಕದ ಮುಚ್ಚಿತ್ತಾ?" ಎಂದೆ.

"ಮುಚ್ಚಿತ್ತು. ಯೋರಿಸ್‌ಗೆ ತಲೆನೋವು ಬಂದು ಮಲಗಿರಬೇಕು ಅಂದುಕೊಂಡು ಸದ್ದು ಮಾಡದೆ ಒಳಗೆ ಬಂದೆ. ಹಾಸಿಗೆ ಮೇಲೆ ಯಾರೂ ಇರಲಿಲ್ಲ."

"ನಿಮ್ಮ ಯಜಮಾನ್ರು ಯಾವತ್ತಾದ್ರೂ ಹಾಗೆ ಕದ ಮುಚ್ಚಿದ್ದುಂಟಾ?"

"ಯೋರಿಸಾ?" ಆಕೆ ಮೊದಲ ಬಾರಿ ನಗುವ ಹಾಗೆ ಮುಖ ಮಾಡಿದರು. "ಬೇಸಿಗೆಯಲ್ಲಿ ಮನೆ ಮುಚ್ಚಿಕೊಂಡು ಕೂರೋರನ್ನ ಕಂಡರೆ ಅವರಿಗೆ ಸಿಟ್ಟು ಬರ್ತಿತ್ತು. ಊಟದ ಮೇಜನ್ನೂ ಬಿಸಿಲಿಗೇ ಎಳೀತಿದ್ದರು. ಮೂಗು ಸುಟ್ಟು ಸಿಪ್ಪೆ ಎದ್ದಿತ್ತು."

"ಎಲ್ಲಾ ಕಿಟಕೀನೂ ಮುಚ್ಚಿತ್ತಾ?"

"ಬೀದಿ ಕಡೆಯವು ಪೂರ್ತಿ ಮುಚ್ಚಿ ಅಗುಳಿ ಹಾಕಿತ್ತು. ನದಿ ಕಡೆಯದು ಮಾತ್ರ ಇಷ್ಟು ತೆರೆದು ಕೊಕ್ಕೆ ಸಿಕ್ಕಿಸಿತ್ತು." ಆಕೆ ಎರಡು ಅಂಗೈ ಎದುರುಬದುರು ಹಿಡಿದು ತೋರಿಸಿದರು. ಒಂದು ಗೇಣಿಗಿಂತ ಸ್ವಲ್ಪ ಕಡಿಮೆ.

ನಾನು ಹುಟ್ಟಿದಾಗಿನಿಂದ ನಮ್ಮ ಮನೆಗಳಲ್ಲಿ ನದಿ ಕಡೆಯ ಕದಕ್ಕೆ ಬಿಡುತ್ತ ಬಂದಿರುವ ಸಂದು ಅಷ್ಟೇ. ಬಿಸಿಲಿನ ಮುಖಕ್ಕೆ ಪೂರ್ತಿ ಮುಚ್ಚಬೇಕು, ನೀರಿನ ಮುಖಕ್ಕೆ ಒಂದು ಸಂದು ಬಿಡಬೇಕು. ಹಾಗೆ ಮಾಡಿದರೆ ಸಂಜೆಯವರೆಗೂ ಮನೆ ತಣ್ಣಗಿರುತ್ತದೆ. ಇದನ್ನು ನಮಗೆ ಯಾರೂ ಹೇಳಿಕೊಟ್ಟದ್ದಲ್ಲ. ಬೆಳಿಗ್ಗೆ ಎದ್ದು ಮುಖ ತೊಳೆದ ಹಾಗೆ ಕೈಯೇ ಮಾಡಿಬಿಡುತ್ತದೆ. ಈಗ ತಾನೇ ನನ್ನ ಕೈ ಮಾಡಲು ಹೊರಟಿದ್ದೂ ಅದನ್ನೇ.

ಹಾಗಾದರೆ ಮಂಗಳವಾರ ಈ ಅಡುಗೆಮನೆಯಲ್ಲಿ ನಿಂತಿದ್ದ ಕೈ ಯಾರದು?

ನನಗೆ ತಕ್ಷಣ ಅನುಮಾನ ಬಂತು, ನನ್ನ ಊಹೆಯ ಮೇಲೆಯೇ. ನಾನು ರೋಕ್‌ಮೊರೆಲ್ ಎಂಬ ಈ ಊರಿನ ಗಾರ್ಡು. ಬೀದಿ ನಾಯಿ, ಅಡ್ಡಾದಿಡ್ಡಿ ನಿಂತ ಕಾರು, ಊರ ನಲ್ಲಿಯಲ್ಲಿ ಬಟ್ಟೆ ಒಗೆಯುವ ಪ್ರವಾಸಿಗರು, ಇಷ್ಟೇ ನನ್ನ ಪಾಲಿನ ಅಪರಾಧ ಲೋಕ. ಕಾಣೆಯಾದವರನ್ನು ಹುಡುಕುವುದು ಪೊಲೀಸರ ಕೆಲಸ. ಹಾಗಾಗಿ ಹೊರಗೆ ಹೋಗಿ ಮನೆಯ ಸುತ್ತ ಒಂದು ಸುತ್ತು ಬಂದು, ಪ್ರತಿ ಕಿಟಕಿಯ ಕದವನ್ನು ಎಳೆದು ನೋಡಿದೆ. ಗಾಳಿಗೆ ತಾನಾಗಿ ಮುಚ್ಚಿಕೊಳ್ಳಲು ಸಾಧ್ಯವೇ? ಸಾಧ್ಯವಿಲ್ಲ. ಕದವನ್ನು ಗೋಡೆಗೆ ಹಿಡಿದಿಡುವ ಕಬ್ಬಿಣದ ಕೊಂಡಿಯನ್ನು ಕೈಯಿಂದಲೇ ತಿರುಗಿಸಬೇಕು. ಸಮಾಧಾನವಾಗದೆ ಇನ್ನೊಂದು ಸುತ್ತು ಬಂದೆ.

ಮಂಗಳವಾರ ನಾನೂ ಈ ಮನೆಯ ಮುಂದೆ ಸೈಕಲ್ಲಿನಲ್ಲಿ ಹಾದುಹೋಗಿದ್ದೆ. ಕದ ಮುಚ್ಚಿದ್ದನ್ನು ನೋಡಿ, ಅಂತೂ ಹಾಲೆಂಡಿನವರಿಗೆ ಬುದ್ಧಿ ಬಂತು ಅಂದುಕೊಂಡಿದ್ದೆ. ಬ್ರೆಡ್ಡಿನ ವ್ಯಾನಿನವಳೂ ಹಾದುಹೋಗಿದ್ದಳು, ಅಂಚೆಯವನೂ ಹೋಗಿದ್ದ. ವಿಚಿತ್ರವಾದದ್ದು ಏನಾದರೂ ಕಂಡಿರಾ ಎಂದು ಪೊಲೀಸರು ಕೇಳಿದಾಗ ನಾವೆಲ್ಲ ಇಲ್ಲ ಎಂದಿದ್ದೆವು. ಬೇಸಿಗೆಯ ಮಧ್ಯಾಹ್ನ ಮುಚ್ಚಿದ ಕದ ನಮ್ಮ ಕಣಿವೆಯಲ್ಲಿ ಯಾರ ಕಣ್ಣಿಗೆ ವಿಚಿತ್ರವಾಗಿ ಕಾಣುತ್ತದೆ?

ಇದು ಒಳ್ಳೆಯ ಸುಳಿವು. ಆದರೆ ಆ ಮನೆಗೆ ಬಂದವನು ಈ ಕಣಿವೆಯವನೇ ಆಗಿದ್ದರೆ, ಇವತ್ತು ಸಂಜೆ ಪೊಲೀಸರು ಕರೆದುಕೊಂಡು ಹೋಗಲಿರುವ ಮನುಷ್ಯನ ಮೇಲೆ ಇನ್ನೊಂದು ಕಲ್ಲು ಬಿದ್ದಂತೆ. ಆ ಮನುಷ್ಯ ನನ್ನ ತಮ್ಮ ರೆಜಿಸ್.

*

ಠಾಣಾಧಿಕಾರಿ ಡುಬ್ರುಲ್ ಫೆರ್ನಾಂದಳ ಕೆಫೆಯ ಮುಂದೆ, ಮರದ ನೆರಳಲ್ಲಿ ಊಟಕ್ಕೆ ಕೂತಿದ್ದರು. ಉತ್ತರದ ಲೀಲ್ ಪಟ್ಟಣದವರು, ಇಲ್ಲಿಗೆ ವರ್ಗವಾಗಿ ಬಂದದ್ದು ಈ ವಸಂತದಲ್ಲಿ. ಅವರ ಮುಂದಿದ್ದ ಸೂಪಿನ ಬಟ್ಟಲಿನ ತಳದಲ್ಲಿ ಸ್ವಲ್ಪ ಉಳಿದಿತ್ತು. ಫೆರ್ನಾಂದ್ ಅದರೊಳಕ್ಕೆ ಕೆಂಪು ವೈನ್ ಸುರಿಯುತ್ತಿದ್ದಳು.

"ಏನು ಮಾಡ್ತಿದೀರಿ ಮದಾಂ?"

"ಬಟ್ಟಲು ಎತ್ತಿ ಕುಡೀರಿ. ನಮ್ಮಜ್ಜ ದಿನಾ ಹೀಗೇ ಕುಡೀತಿದ್ದ."

"ನಿಮ್ಮಜ್ಜ ಈಗ ಎಲ್ಲಿದಾರೆ?"

"ಚರ್ಚಿನ ಹಿಂದೆ ಮಲಗಿದಾನೆ. ಸತ್ತಿದ್ದು ವೈನಿಂದಲ್ಲ, ಆಕ್ರೋಟ್ ಮರದಿಂದ ಬಿದ್ದು. ಕುಡೀರಿ." ಅವಳು ನನ್ನನ್ನು ನೋಡಿ ದನಿ ಬದಲಿಸಿದಳು. "ಎಲಿಯಾನ್, ಕೂತ್ಕೊ ಬಾ. ನಿನ್ನ ಮುಖ ಸುಣ್ಣ ಬಳಿದ ಹಾಗಾಗಿದೆ."

ನಾನು ಕೂರಲಿಲ್ಲ. ಫೆರ್ನಾಂದ್ ಒಳಗೆ ಹೋಗುವವರೆಗೆ ಕಾದು, ಕದದ ಸಂಗತಿಯನ್ನು ಹೇಳಿದೆ. ಹೇಳಬಾರದು ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಎದುರಿಗೆ ನಿಂತಾಗ ಮುಚ್ಚಿಡಲಾಗಲಿಲ್ಲ. ಹೇಳಿದ್ದೂ ಸರಿಯಾಗಿರಲಿಲ್ಲ, ನಡುವೆ ಬೆಣ್ಣೆ ಕರಗಿದ್ದನ್ನೂ ಸೇರಿಸಿಬಿಟ್ಟೆ.

ಡುಬ್ರುಲ್ ಹುಬ್ಬು ಗಂಟಿಕ್ಕಿದರು. "ಕಿಟಕಿ ಮುಚ್ಚಿತ್ತು. ಸರಿ. ಏನೀಗ?"

"ಮುಚ್ಚಿದ್ದು ಹಾಲೆಂಡಿನವರಲ್ಲ ಸಾರ್. ಅವರು ಮುಚ್ಚೋದೇ ಇಲ್ಲ."

"ಕಳ್ಳ ಬಂದಿರಬಹುದು. ಒಳಗೆ ಕಾಣಬಾರದು ಅಂತ ಮುಚ್ಚಿರಬಹುದು."

"ಕಳ್ಳ ಆಗಿದ್ದರೆ ನದಿ ಕಡೆಯದನ್ನೂ ಮುಚ್ಚಿರ್ತಿದ್ದ. ಗಾಳಿ ಆಡಲಿ ಅಂತ ಸಂದು ಬಿಟ್ಟು ಕೊಕ್ಕೆ ಯಾಕೆ ಹಾಕ್ತಾನೆ?"

ಅವರು ಬಟ್ಟಲನ್ನು ನಿಧಾನವಾಗಿ ಪಕ್ಕಕ್ಕೆ ಸರಿಸಿದರು. ಅರ್ಥವಾಗುತ್ತಿದ್ದ ಹಾಗೆ ಅವರ ಮುಖದ ಮೇಲೆ ಒಂದು ಬಗೆಯ ಕರುಣೆ ಮೂಡಿತು. ನನಗೆ ಅದೇ ಹೆಚ್ಚು ಭಯವಾಯಿತು.

"ಅಂದ್ರೆ ಬಂದವನು ಇಲ್ಲಿಯವನು. ಯಾವ ಗಡಿಬಿಡೀನೂ ಇಲ್ಲದೆ, ತನ್ನ ಮನೆ ಅನ್ನೋ ಹಾಗೆ ಓಡಾಡಿದಾನೆ." ಅವರು ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು. "ಮದಾಂ, ನೀವು ಏನು ಹೇಳ್ತಿದೀರಿ ಅಂತ ನಿಮಗೆ ಗೊತ್ತಿದೆಯಾ?"

"ಗೊತ್ತಿದೆ."

"ದೋಣಿ ನಿಮ್ಮ ತಮ್ಮನದು. ಸೋಮವಾರ ಸಂಜೆ ಇದೇ ಜಾಗದಲ್ಲಿ, ಕಬ್ಬಿಣದ ಗುಂಡು ಎಸೆಯೋ ಆಟದಲ್ಲಿ ಬೊಸ್ಮಾ ಟೇಪು ತೆಗೆದು ದೂರ ಅಳೆದರು ಅಂತ ಅವನು ಕೂಗಾಡಿದ್ದು ಇಡೀ ಊರು ಕೇಳಿದೆ. ಏನಂದಿದ್ದ ಅವನು?"

ಒಳಗಿನಿಂದ ಫೆರ್ನಾಂದಳ ದನಿ ಬಂತು. "ನಿನ್ನ ಟೇಪನ್ನೂ ನಿನ್ನನ್ನೂ ಸೇರಿಸಿ ನದಿಗೆ ಎಸೀತೀನಿ ಅಂದ. ಅದೇ ಮಾತನ್ನ ನನಗೂ ಅಂದಿದಾನೆ, ಕಳೆದ ವಾರ. ನಾನಿನ್ನೂ ಬದುಕಿದೀನಿ."

"ಮಂಗಳವಾರ ಬೆಳಿಗ್ಗೆ ದೋಣಿ ಕೊಟ್ಟಿಗೇಲಿ ರಿಪೇರಿ ಮಾಡ್ತಿದ್ದೆ ಅಂತಾನೆ," ಡುಬ್ರುಲ್ ಮುಂದುವರಿಸಿದರು. "ಕೊಟ್ಟಿಗೆಗೆ ಬೀಗ ಹಾಕಿದ್ದನ್ನ ನೋಡಿದವರಿದಾರೆ. ಸುಳ್ಳು ಯಾಕೆ ಹೇಳಿದ? ಸಂಜೆ ಅವನನ್ನ ಪಟ್ಟಣಕ್ಕೆ ಕರ್ಕೊಂಡು ಹೋಗ್ತೀನಿ. ಅಲ್ಲಿ ಮ್ಯಾಜಿಸ್ಟ್ರೇಟರು ಕೇಳ್ತಾರೆ. ಕೊಲೆ ಅಂತ ಒಂದ್ಸಲ ಬರೆದ್ರೆ ಅಳಿಸೋದು ಕಷ್ಟ ಮದಾಂ."

"ಅದಕ್ಕೆ ಮುಂಚೆ ನಾನೊಮ್ಮೆ ಮಾತಾಡ್ಲಾ?"

ಕದದ ವಿಷಯ ಹೇಳದೆ ಇದ್ದಿದ್ದರೆ ಬಹುಶಃ ಬೇಡ ಎನ್ನುತ್ತಿದ್ದರು. "ಮಾತಾಡಿ," ಎಂದರು.

*

ರೆಜಿಸ್ ಪ್ರವಾಸಿಗರಿಗೆ ದೋಣಿ ಬಾಡಿಗೆ ಕೊಡುವ ಕೊಟ್ಟಿಗೆ ಊರ ಹಳೇ ಕೋಟೆಯ ಕೆಳಗೆ, ನದಿಗೆ ಅಂಟಿಕೊಂಡಿದೆ. ಬಾಗಿಲಲ್ಲಿ ಬುಧವಾರ ಬೆಳಿಗ್ಗೆಯಿಂದ ಒಬ್ಬ ಪೊಲೀಸು ಕುರ್ಚಿ ಹಾಕಿಕೊಂಡು ಕೂತಿದ್ದ. ಅಂದಿನಿಂದ ರೆಜಿಸ್ ಊಟ, ನಿದ್ದೆ ಎಲ್ಲ ಒಳಗೇ. ನನ್ನನ್ನು ಕಂಡು ಪೊಲೀಸು ಕುರ್ಚಿಯನ್ನು ನೆರಳಿಗೆ ಎಳೆದುಕೊಂಡು ಕಣ್ಣು ಮುಚ್ಚಿದ.

ರೆಜಿಸ್ ಮಗುಚಿಟ್ಟ ದೋಣಿಯ ಮೇಲೆ ಕೂತು ಬ್ರೆಡ್ಡಿಗೆ ಬಾತುಕೋಳಿ ಕೊಬ್ಬು ಸವರುತ್ತಿದ್ದ. ಅವನು ನನಗಿಂತ ಎಂಟು ವರ್ಷ ಚಿಕ್ಕವನು. ತಲೆಗೂದಲು ನನಗಿಂತ ಮೊದಲೇ ಬೆಳ್ಳಗಾಗಿದೆ.

"ತಿಂತೀಯಾ ಅಕ್ಕ?"

"ಮಂಗಳವಾರ ಎಲ್ಲಿದ್ದೆ?"

"ಅವರಿಗೆ ಹೇಳಿದೀನಲ್ಲ."

"ಅವರಿಗೆ ಹೇಳಿದ್ದು ಸುಳ್ಳು. ನನಗೆ ಹೇಳು."

ಅವನು ಬ್ರೆಡ್ಡನ್ನು ಜಗಿದ. ಬೇಕೆಂದೇ ನಿಧಾನವಾಗಿ ಜಗಿದ. "ಅಣಬೆಗೆ ಹೋಗಿದ್ದೆ."

ಗುಡುಗು ಮಳೆ ಬಿದ್ದು ಹೋದ ಮೇಲೆ ಬಿಸಿಲು ಹತ್ತಿದರೆ ನಮ್ಮ ಕಾಡಿನಲ್ಲಿ ಸೆಪ್ ಎಂಬ ಬೆಲೆಬಾಳುವ ಅಣಬೆ ಏಳುತ್ತದೆ. ಕಳೆದ ವಾರ ಮಳೆ ಬಿದ್ದಿತ್ತು. ಊರಿನ ಅರ್ಧದಷ್ಟು ಗಂಡಸರು ಬುಟ್ಟಿಯನ್ನು ಕೋಟಿನೊಳಗೆ ಮುಚ್ಚಿಟ್ಟುಕೊಂಡು, ನಾಯಿ ಅಡ್ಡಾಡಿಸಲು ಹೋಗುತ್ತೇವೆ ಎಂದು ಬೆಳಕು ಹರಿಯುವ ಮೊದಲೇ ಮಾಯವಾಗುತ್ತಿದ್ದರು. ನಾಯಿ ಇಲ್ಲದವರೂ ಹಾಗೇ ಹೇಳುತ್ತಿದ್ದರು. ಅಣಬೆ ಏಳುವ ಜಾಗ ಒಂದೊಂದು ಮನೆಯ ಗುಟ್ಟು.

"ಹಾಗಂತ ಹೇಳೋಕೆ ಏನಾಗಿತ್ತು ನಿನಗೆ?"

"ಹೇಳಿದ್ರೆ ಎಲ್ಲಿ ಅಂತ ಕೇಳ್ತಾನೆ."

"ಕೇಳಲಿ. ಹೇಳು."

ತಮ್ಮ ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದ. "ಆ ಲೀಲ್‌ನವನಿಗಾ? ಕಾಗದದ ಮೇಲೆ ಬರ್ಕೊಂಡು, ನಕ್ಷೆ ಹಾಕ್ಕೊಂಡು, ನಾಲ್ಕು ಜನ ಬೂಟು ಹಾಕ್ಕೊಂಡು ಅಲ್ಲಿ ತುಳಿದಾಡ್ಲಿ ಅಂತಲಾ?"

"ರೆಜಿಸ್. ಅವರು ಕೊಲೆ ಅಂತಿದಾರೆ ಕಣೋ. ಜೈಲಿಗೆ ಹೋಗ್ತೀಯ."

"ಜೈಲಿಂದ ವಾಪಸ್ ಬರಬೋದು. ಜಾಗ ಹೋದ್ರೆ ವಾಪಸ್ ಬರಲ್ಲ."

ನನಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಇದೇ ಮಾತನ್ನು ಕಣಿವೆಯ ಯಾವ ಗಂಡಸು ಆಡಿದರೂ ನಾನು ನಂಬಿಬಿಡುತ್ತಿದ್ದೆ. ಡುಬ್ರುಲ್ ನಂಬುವುದಿಲ್ಲ. ಅವರನ್ನು ತಪ್ಪು ಎನ್ನಲಾಗುವುದಿಲ್ಲ.

"ಕೊಯ್ದ ಅಣಬೆ ಎಲ್ಲಿ?"

"ತಿಂದೆ."

"ಎಲ್ಲಾನೂ?"

"ಹಸಿವಾಗಿತ್ತು."

"ಹಾಗಾದ್ರೆ ಜಾಗ ನನಗೆ ಹೇಳು. ನಾನೊಬ್ಬಳೇ ಹೋಗಿ ನೋಡ್ತೀನಿ. ಕೊಯ್ದ ಗುರುತು ಅಲ್ಲಿರುತ್ತೆ, ಎಲೆ ಕೆಳಗೆ ಬುಡ ಒಣಗಿರುತ್ತೆ. ನೋಡಿಬಂದು ಸಾಕ್ಷಿ ಹೇಳ್ತೀನಿ."

ಅವನು ತಲೆ ಅಲ್ಲಾಡಿಸಿದ. "ಅಪ್ಪ ನನಗೆ ಹೇಳಿದ್ದು. ನಿನಗಲ್ಲ."

ಅದು ನಿಜ. ಅಪ್ಪ ಸಾಯುವ ಮುನ್ನ ಅವನೊಬ್ಬನನ್ನೇ ಮಂಚದ ಹತ್ತಿರ ಕರೆದಿದ್ದ. ದೊಡ್ಡವಳು ನಾನು ಬಾಗಿಲ ಹೊರಗೆ ನಿಂತು ಪಾತ್ರೆ ಒರೆಸುತ್ತಿದ್ದೆ. ನಾನು ನದಿಯಾಚೆಯ ಕಾಸ್ತೆಲ್‌ವಿಯೆಲ್‌ಗೆ ಮದುವೆಯಾಗಿ ಹೋದವಳು. ನನಗೆ ಹೇಳಿದರೆ ಆಚೆ ದಡದವರಿಗೆಲ್ಲ ಹೇಳಿದ ಹಾಗೆ ಎಂಬುದು ಅಪ್ಪನ ಲೆಕ್ಕ.

"ನನ್ನ ಗಂಡ ಸತ್ತು ಎಷ್ಟು ವರ್ಷ ಆಯ್ತು," ಎಂದೆ. "ನಾನು ಇಲ್ಲಿಗೆ ವಾಪಸ್ ಬಂದಿಲ್ವಾ?"

"ಅವನ ತಮ್ಮ ಇನ್ನೂ ಇದಾನಲ್ಲ. ಕ್ರಿಸ್‌ಮಸ್ಸಿಗೆ ಅವರ ಮನೆಗೆ ಊಟಕ್ಕೆ ಹೋಗ್ತೀಯಲ್ಲ."

"ನಾನು ಊಟಕ್ಕೆ ಕೂತಾಗ ಅಣಬೆ ಕಾಡಿನ ವಿಷಯ ಮಾತಾಡ್ತೀನಾ?"

"ನೀನು ಮಾತಾಡಲ್ಲ. ಆದ್ರೆ ಸುಳ್ಳು ಹೇಳೋಕೂ ನಿನಗೆ ಬರಲ್ಲ. ಕೇಳಿದ್ರೆ ಮುಖ ಕೆಂಪಗಾಗುತ್ತೆ. ಅವರು ಚಾಣಾಕ್ಷರು."

ನಾನು ಬೇರೆ ಕಡೆಯಿಂದ ಬಂದೆ. "ಹಾಲೆಂಡಿನವರ ಮನೆ ಕದ ಯಾರೋ ಮುಚ್ಚಿದಾರೆ, ಮಂಗಳವಾರ. ನೀನಾ?"

ಅವನ ಕೈಯಲ್ಲಿದ್ದ ಬ್ರೆಡ್ಡು ನಿಂತಿತು. ಒಂದು ಕ್ಷಣ ಅಷ್ಟೇ. ಮತ್ತೆ ಬಾಯಿಗೆ ಹೋಯಿತು.

"ಬಿಸಿಲಿದ್ರೆ ಯಾರಾದ್ರೂ ಮುಚ್ತಾರೆ," ಎಂದ. "ನದಿ ಕಡೆಯದನ್ನ ಒಂದಿಷ್ಟು ಬಿಟ್ಟಿರಬೇಕು, ಅಷ್ಟೇ. ಇಲ್ದಿದ್ರೆ ಒಳಗೆ ಉಸಿರು ಕಟ್ಟುತ್ತೆ."

ನದಿ ಕಡೆಯ ಕದದ ಬಗ್ಗೆ ನಾನು ಒಂದು ಮಾತೂ ಆಡಿರಲಿಲ್ಲ.

ಆದರೆ ಹಾಗೆಂದು ಅವನನ್ನು ಹಿಡಿಯುವುದು ಹೇಗೆ? ಕಣಿವೆಯ ಯಾವ ಮುದುಕಿಯನ್ನು ಕೇಳಿದರೂ ಇದನ್ನೇ ಹೇಳುತ್ತಾಳೆ. ನಾನೇ ಹೇಳುತ್ತಿದ್ದೆ. ಅವನು ಮಾಡಿದವನ ಹಾಗೆ ಹೇಳಿದನೋ, ಎಲ್ಲರೂ ಹೇಳುವ ಹಾಗೆ ಹೇಳಿದನೋ? ಅವನ ಕಣ್ಣನ್ನೇ ನೋಡಿದೆ. ಚಿಕ್ಕವನಿದ್ದಾಗ ಜಾಮಿನ ಬಾಟಲಿ ಒಡೆದು ಬೆಕ್ಕಿನ ಮೇಲೆ ಹೊರಿಸಿದಾಗಲೂ ಅವನ ಕಣ್ಣು ಇಷ್ಟೇ ನಿರಾಳವಾಗಿತ್ತು. ಬೆಕ್ಕೇ ಒಡೆದಿದ್ದ ದಿನವೂ ಹೀಗೇ ಇತ್ತು.

"ರೆಜಿಸ್, ಆ ಮನುಷ್ಯ ಸತ್ತಿದಾನಾ?"

"ನನಗೇನು ಗೊತ್ತು?"

"ಅವನ ಹೆಂಡತಿ ಬಾಗಿಲು ತೆಗೆದಿಟ್ಟುಕೊಂಡು ಕೂತಿದಾಳೆ. ರಾತ್ರೀನೂ ಚಿಲಕ ಹಾಕಲ್ಲ ಅಂತೆ."

ಅವನು ಎದ್ದ. ಕೊಟ್ಟಿಗೆಯ ಹಿಂದಿನ ತೂತಿನಿಂದ ನದಿ ನೋಡುತ್ತ ನಿಂತ. ಕೆಳಗೆ ಪ್ರವಾಸಿಗರ ದೋಣಿಗಳು ಒಂದಕ್ಕೊಂದು ಢಿಕ್ಕಿ ಹೊಡೆಯುತ್ತ, ನಗುತ್ತ ಹೋಗುತ್ತಿದ್ದವು. ಅವನ ಬೆನ್ನು ಒಮ್ಮೆ ದೊಡ್ಡದಾಗಿ ಉಬ್ಬಿ ಇಳಿಯಿತು.

"ಸರಿ. ನೀನೊಬ್ಬಳೇ ಹೋಗಬೇಕು."

"ಒಬ್ಬಳೇ ಹೋಗ್ತೀನಿ."

"ಆ ಡುಬ್ರುಲ್ ಜೊತೆಗೆ ಬರಕೂಡದು. ಆಣೆ ಮಾಡು, ಅಕ್ಕ."

ನಾನು ಆಣೆ ಮಾಡಿದೆ. ಅವನು ನನ್ನ ಕಿವಿಯ ಹತ್ತಿರ ಬಾಗಿ, ಬಾಗಿಲಲ್ಲಿ ಗೊರಕೆ ಹೊಡೆಯುತ್ತಿದ್ದ ಪೊಲೀಸಿಗೂ ಕೇಳದ ಹಾಗೆ, ಅಪ್ಪ ಹೇಳಿದ್ದ ಜಾಗವನ್ನು ಹೇಳಿದ. ಅವನ ಬಾಯಿಂದ ಬಂದ ಬೆಳ್ಳುಳ್ಳಿಯ ವಾಸನೆಯೊಂದಿಗೆ ಆ ಮಾತು ನನ್ನೊಳಗೆ ಇಳಿಯಿತು. ಇಷ್ಟು ವರ್ಷ ಬೇಕು ಎಂದುಕೊಂಡದ್ದು ಸಿಕ್ಕಾಗ ನನಗೆ ಏನೂ ಅನಿಸಲಿಲ್ಲ.

*

"ನಾನೂ ಬರ್ತೀನಿ," ಎಂದರು ಡುಬ್ರುಲ್.

"ಒಬ್ಬಳೇ ಹೋಗ್ತೀನಿ ಅಂತ ಆಣೆ ಮಾಡಿದೀನಿ ಸಾರ್."

"ಶಂಕಿತನಿಗೆ ನೀವು ಮಾಡಿದ ಆಣೆ ನನ್ನ ಮೇಲೆ ನಡೆಯಲ್ಲ. ಒಂದೇ ಮನೆಯವರು ನೀವು. ಸಾಕ್ಷಿ ಅಂತ ನಾಳೆ ನೀವು ಹೇಳಿದ್ರೆ ಮ್ಯಾಜಿಸ್ಟ್ರೇಟರು ನಗ್ತಾರೆ."

ಅವರ ಮಾತೂ ಸರಿ. ನನಗೆ ಯಾವಾಗಲೂ ಎದುರಿಗಿರುವವರ ಮಾತೇ ಸರಿ ಎನಿಸುತ್ತದೆ. ಕೊನೆಗೆ ಒಪ್ಪಂದವಾಯಿತು: ಕಾಡು ಶುರುವಾಗುವಲ್ಲಿ ಕಬ್ಬಿಣದ ಶಿಲುಬೆ ಇದೆ, ಅಲ್ಲಿಯವರೆಗೆ ಅವರು ಬರುವುದು. ಅಲ್ಲಿಂದ ಮುಂದೆ ನಾನು. ನಾನು ಕರೆದರೆ ಮಾತ್ರ ಅವರು ಮೇಲೆ ಬರುವುದು.

"ಅಷ್ಟು ಹೆದರಬೇಡಿ ಮದಾಂ," ದಾರಿಯಲ್ಲಿ ಏದುಸಿರು ಬಿಡುತ್ತ ಅವರು ಹೇಳಿದರು. "ನಾವು ಲೀಲ್‌ನವರು. ಅಣಬೆ ಡಬ್ಬಿಯೊಳಗೆ ಬೆಳೆಯುತ್ತೆ ಅಂತಲೇ ನಾನು ತಿಳ್ಕೊಂಡಿದ್ದೆ."

"ಹಾಗೇ ತಿಳ್ಕೊಂಡಿರಿ ಸಾರ್. ನನಗೆ ಉಪಕಾರ ಆಗುತ್ತೆ."

ಅವರು ಶಿಲುಬೆಯ ಕಟ್ಟೆಯ ಮೇಲೆ ಕೂತು ಟೋಪಿ ತೆಗೆದು ಗಾಳಿ ಹಾಕಿಕೊಂಡರು. ನಾನು ಮೊದಲು ತಪ್ಪು ದಿಕ್ಕಿಗೆ ಹೋದೆ. ಯಾರೂ ನೋಡುತ್ತಿರಲಿಲ್ಲ, ಆದರೂ ಹಾಗೆ ಹೋಗಬೇಕೆನಿಸಿತು. ಪೊದೆಯ ಹಿಂದೆ ಸುತ್ತಿ, ಚೆಸ್ಟ್‌ನಟ್ ಮರಗಳ ನಡುವೆ ಹತ್ತಿ, ರೆಜಿಸ್ ಹೇಳಿದ ಒಣಹಳ್ಳ ದಾಟಿದೆ. ಅದರಾಚೆ ಸುಣ್ಣಕಲ್ಲಿನ ಬಂಡೆ ಗೋಡೆಯಂತೆ ಎದ್ದಿತ್ತು. ಹಿಂದೆ ಯುದ್ಧಗಳ ಕಾಲದಲ್ಲಿ ಊರವರು ದನಕರುಗಳ ಸಮೇತ ಅಡಗಿಕೊಳ್ಳುತ್ತಿದ್ದ, ಕಲ್ಲು ಕೊರೆದು ಮಾಡಿದ ಗೂಡುಗಳು ಆ ಬಂಡೆಯ ಎತ್ತರದಲ್ಲಿವೆ. ಬಂಡೆಯ ಬುಡದಲ್ಲಿ ಹಳೆಯ ಓಕ್ ಮರಗಳು. ಅವುಗಳ ಕೆಳಗೆ ಪಾಚಿ.

ಅಪ್ಪನ ಜಾಗ.

ಮೊದಲು ಕಂಡದ್ದನ್ನು ನನ್ನ ಕಣ್ಣು ನಂಬಲಿಲ್ಲ. ಅಣಬೆಗಳು ನಿಂತಿದ್ದವು. ಒಂದೆರಡಲ್ಲ, ಓಕ್ ಮರದ ಸುತ್ತ ಬಳೆಯಂತೆ, ಬೇಕರಿಯ ಬನ್ನಿನಷ್ಟು ದಪ್ಪ ತಲೆಯವು. ಕೆಲವು ಬಲಿತು ಕೊಳೆಯತೊಡಗಿದ್ದವು. ಅಂಚುಗಳನ್ನು ಬಸವನಹುಳು ತಿಂದಿತ್ತು. ಇವು ಮಂಗಳವಾರವೂ ಇಲ್ಲೇ ಇದ್ದಿರಬೇಕು, ಆಗ ಕೊಯ್ಯಲು ಹದವಾಗಿ ಇದ್ದಿರಬೇಕು.

ನಾನು ಮೊಣಕಾಲೂರಿ ಒಣಗಿದೆಲೆಗಳನ್ನು ಸರಿಸಿ ಸರಿಸಿ ನೋಡಿದೆ. ಚಾಕುವಿನಿಂದ ಕೊಯ್ದ ಒಂದೇ ಒಂದು ಬುಡ ಸಿಗಲಿಲ್ಲ. ಇನ್ನೊಂದು ಮರದ ಕೆಳಗೂ ನೋಡಿದೆ. ಇಲ್ಲ.

ರೆಜಿಸ್ ಮಂಗಳವಾರ ಅಣಬೆ ಕೊಯ್ದಿರಲಿಲ್ಲ.

ಅದು ಅರ್ಥವಾದ ಮೇಲೂ ನಾನು ಎಲೆ ಸರಿಸುತ್ತಲೇ ಇದ್ದೆ. ಅವನು ಸುಳ್ಳು ಹೇಳಿದ್ದ. ಎರಡನೆಯ ಸಲ. ಆದರೆ ಇಲ್ಲಿಗೆ ಬಂದರೆ ನನಗೆ ಗೊತ್ತಾಗುತ್ತದೆಂದು ಅವನಿಗೆ ತಿಳಿದಿರಲಿಲ್ಲವೇ? ತಿಳಿದೂ ನನ್ನನ್ನು ಯಾಕೆ ಕಳಿಸಿದ? ಬೇರೆ ಯಾವುದಾದರೂ ಜಾಗ ಹೇಳಿ ನನ್ನನ್ನು ಸುತ್ತಿಸಬಹುದಿತ್ತು. ಅಪ್ಪ ಕೊಟ್ಟ ಗುಟ್ಟನ್ನು ಬಿಟ್ಟುಕೊಟ್ಟು, ತನ್ನ ಕೊರಳಿಗೇ ಹಗ್ಗ ಯಾಕೆ ಹಾಕಿಕೊಂಡ?

"ಮದಾಂ," ಕೆಳಗಿನಿಂದ ಡುಬ್ರುಲ್ ಕೂಗಿದ್ದು ಕ್ಷೀಣವಾಗಿ ಕೇಳಿಸಿತು. "ಕೊಯ್ದಿದಾರಾ, ಇಲ್ವಾ?"

ನನ್ನ ಜೇಬಿನಲ್ಲಿ ಮಡಚುವ ಚಾಕು ಇತ್ತು. ಈ ಕಣಿವೆಯಲ್ಲಿ ಎಲ್ಲರ ಜೇಬಿನಲ್ಲೂ ಇರುತ್ತದೆ. ಅದನ್ನು ತೆಗೆದು ಬಿಚ್ಚಿದ್ದು ನನಗೆ ಗೊತ್ತಾಗಲೇ ಇಲ್ಲ. ಒಂದು ಹತ್ತು ಅಣಬೆ ಕೊಯ್ದು, ಬುಡದ ಮೇಲೆ ಎಲೆ ಎಳೆದು, ಕೊಯ್ದದ್ದನ್ನು ಹಳ್ಳಕ್ಕೆ ಎಸೆದರೆ ಆಯಿತು. ಡಬ್ಬಿಯ ಅಣಬೆ ತಿಂದವರಿಗೆ ಇವತ್ತು ಕೊಯ್ದದ್ದಕ್ಕೂ ಮಂಗಳವಾರ ಕೊಯ್ದದ್ದಕ್ಕೂ ವ್ಯತ್ಯಾಸ ಎಲ್ಲಿ ಗೊತ್ತಾಗಬೇಕು? ನನ್ನ ತಮ್ಮ ಸಂಜೆ ಮನೆಗೆ ಬರುತ್ತಾನೆ.

ಮತ್ತು ಹಾನೆಕೆ ಬಾಗಿಲು ತೆಗೆದಿಟ್ಟುಕೊಂಡು ಕೂತೇ ಇರುತ್ತಾರೆ.

ಚಾಕುವಿನ ಅಲಗು ಮೊದಲ ಅಣಬೆಯ ಕಾಲಿಗೆ ತಾಗಿತ್ತು. ಆಗ ಬಂಡೆಯ ಪಕ್ಕದಲ್ಲಿ ಪಾಚಿ ಕೆದರಿದ್ದು ಕಂಡಿತು.

ಅಲ್ಲಿ ಮೂರು ನಾಲ್ಕು ಅಣಬೆಗಳನ್ನು ಯಾರೋ ತೆಗೆದಿದ್ದರು. ಕೊಯ್ದಿರಲಿಲ್ಲ, ಮೂಲಂಗಿ ಕಿತ್ತ ಹಾಗೆ ಬುಡಸಮೇತ ಕಿತ್ತಿದ್ದರು. ಪಾಚಿ ಹರಿದು ತೂತು ಬಾಯಿ ತೆರೆದುಕೊಂಡಿತ್ತು. ನಮ್ಮವರು ಯಾರೂ ಹಾಗೆ ಮಾಡುವುದಿಲ್ಲ. ಕುಡಿದಿದ್ದರೂ ಮಾಡುವುದಿಲ್ಲ. ಕಿತ್ತರೆ ಮುಂದಿನ ವರ್ಷ ಅಲ್ಲಿ ಏನೂ ಏಳುವುದಿಲ್ಲ ಎಂದೇ ನಮ್ಮ ನಂಬಿಕೆ. ತೂತನ್ನು ತೆರೆದಿಡುವುದಂತೂ ಜಾಗವನ್ನು ಸಾರಿ ಹೇಳಿದ ಹಾಗೆ. ಇದು ಹೊರಗಿನವರ ಕೈ.

ಬೆರಳು ಇಳಿಸಿ ನೋಡಿದೆ. ಮಣ್ಣು ಒದ್ದೆಯಾಗಿ ಕಪ್ಪಗಿತ್ತು. ಹರಿದ ಬೇರಿನ ಎಳೆಗಳು ಇನ್ನೂ ಬೆಳ್ಳಗಿದ್ದವು. ಇವತ್ತು ಕಿತ್ತದ್ದು. ರೆಜಿಸ್ ನಿನ್ನೆಯಿಂದ ಕೊಟ್ಟಿಗೆ ಬಿಟ್ಟು ಹೊರಬಂದಿಲ್ಲ.

ನನ್ನ ತಲೆಯೊಳಗೆ ಎಲ್ಲವೂ ಅದಲುಬದಲಾಯಿತು. ಹೊರಗಿನವರ ಮನೆಯಲ್ಲಿ ನಮ್ಮವರ ಕೈ. ನಮ್ಮ ಜಾಗದಲ್ಲಿ ಹೊರಗಿನವರ ಕೈ. ಒಡಹುಟ್ಟಿದ ಅಕ್ಕನಿಗೆ ಇಷ್ಟು ವರ್ಷ ಹೇಳದ ಗುಟ್ಟನ್ನು, ಟೇಪು ಹಿಡಿದು ಜಗಳವಾಡಿದ ಹಾಲೆಂಡಿನವನಿಗೆ ರೆಜಿಸ್ ಹೇಳಿದ್ದನೇ? ಯಾಕೆ? ಆ ಜಗಳ ಜಗಳವೇ ಆಗಿತ್ತೇ?

ಆಗ ಗಾಳಿ ತಿರುಗಿತು. ಬಂಡೆಯ ಮೇಲಿನಿಂದ ವಾಸನೆ ಇಳಿದು ಬಂತು. ಬಾತುಕೋಳಿ ಕೊಬ್ಬಿನಲ್ಲಿ ಅಣಬೆ ಹುರಿಯುತ್ತಿದ್ದ ವಾಸನೆ. ಬೆಳ್ಳುಳ್ಳಿಯನ್ನು ಕೊನೆಗೆ, ಬೆಂಕಿ ತಗ್ಗಿಸಿದ ಮೇಲೆ ಹಾಕಿದ ವಾಸನೆ. ನನ್ನಮ್ಮ ಹುರಿಯುತ್ತಿದ್ದ ಹಾಗೆಯೇ. ಬೆಣ್ಣೆಯಲ್ಲಿ ಬೇಯಿಸುವ ಹಾಲೆಂಡಿನವರಿಗೆ ಇದು ಬರುವುದಿಲ್ಲ. ಮೇಲೆ ಎಲ್ಲೋ, ಗೂಡೊಂದರಲ್ಲಿ, ಬಾಣಲೆಯನ್ನು ಕಲ್ಲಿನ ಮೇಲೆ ಉಜ್ಜಿದ ಸದ್ದು.

ಅಂದರೆ ಕಿತ್ತವರು ಒಬ್ಬರು, ಹುರಿಯುತ್ತಿರುವ ನಮ್ಮವರು ಇನ್ನೊಬ್ಬರು.

ಒಬ್ಬಳೇ ಹೋಗಬೇಕು ಎಂದು ರೆಜಿಸ್ ಹೇಳಿದ್ದು ಅಣಬೆಗಾಗಿ ಅಲ್ಲ. ನಾನು ಇದನ್ನು ನೋಡಲಿ ಎಂದು. ಅಥವಾ ನಾನು ಇವರಿಗೆ ಏನಾದರೂ ಹೇಳಲಿ ಎಂದು. ಅಥವಾ ನಾನು ಇವರ ಕೈಗೆ ಸಿಕ್ಕಲಿ ಎಂದು. ಮೂರರಲ್ಲಿ ಯಾವುದೆಂದು ನನಗೆ ತಿಳಿಯಲಿಲ್ಲ, ತಮ್ಮನ ಮುಖ ನೆನೆಸಿಕೊಂಡರೂ ತಿಳಿಯಲಿಲ್ಲ. ಬೊಸ್ಮಾ ಆ ಗೂಡಿನಲ್ಲಿ ಜೀವಂತ ಇದ್ದರೆ ಕೊಲೆ ಎಂಬ ಮಾತೇ ಇಲ್ಲ, ರೆಜಿಸ್ ಬಿಡುಗಡೆ. ಅವರು ಅಲ್ಲಿ ಇಲ್ಲದಿದ್ದರೆ, ಅಥವಾ ಇರಬಾರದ ರೀತಿಯಲ್ಲಿ ಇದ್ದರೆ, ನನ್ನ ಕೈಯಾರೆ ಅವನನ್ನು ಜೈಲಿಗೆ ಕಳಿಸಿದ ಹಾಗೆ. ಡುಬ್ರುಲ್‌ರನ್ನು ಕರೆದರೆ ಜಾಗವಂತೂ ಎರಡರಲ್ಲೂ ಹೋಯಿತು.

"ಮದಾಂ ಎಲಿಯಾನ್, ಕೇಳಿಸ್ತಿದೆಯಾ? ಕೊಯ್ದಿದಾರಾ, ಇಲ್ವಾ?"

ನಾನು ಚಾಕು ಮಡಚಿದೆ.

"ಮೇಲೆ ಬನ್ನಿ ಸಾರ್," ಎಂದು ಕೂಗಿದೆ. "ಒಣಹಳ್ಳ ದಾಟಿ ನೇರ ಬಂಡೆಗೆ ಬನ್ನಿ. ಬೇಗ ಬನ್ನಿ."

ನನ್ನ ಕೂಗು ಬಂಡೆಗೆ ಬಡಿದು ಎರಡು ಪಟ್ಟಾಗಿ ಹಿಂದಿರುಗಿತು. ಕೆಳಗೆ ಬೂಟುಗಳು ಒಣಗಿದೆಲೆಯ ಮೇಲೆ ಓಡತೊಡಗಿದವು. ಮೇಲೆ ಬಾಣಲೆಯ ಸದ್ದು ನಿಂತಿತು. ಆಮೇಲೆ ಚುಸ್ಸೆಂಬ ಸದ್ದು; ಅಡಗಿಕೊಳ್ಳಲೆಂದು ಯಾರೋ ಬೆಂಕಿಯ ಮೇಲೆ ನೀರು ಸುರಿದರು.